ಮದುವೆ ಜವಳಿಗೆ ಬೆಂಗಳೂರಿಗೆ ಬಂದರೆ ಎಲ್ಲಿ ಉಳಿಯಬೇಕು? ಮೂರು ದೊಡ್ಡ ಹೋಟೆಲ್‌ಗಳ ಹೋಲಿಕೆ

ಮದುವೆ ಜವಳಿ ತೆಗೆಯಲು ಬೆಂಗಳೂರಿಗೆ ಹೊರಟವರಿಗೆ ಎಲ್ಲರೂ ಹೇಳುವ ಮಾತು ಒಂದೇ: "ಎಂ.ಜಿ. ರೋಡ್ ಕಡೆ ಉಳ್ಕೊಳ್ಳಿ, ಎಲ್ಲಾ ಹತ್ತಿರ ಆಗುತ್ತೆ." ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಮಗಳ ಮದುವೆ ನಿಶ್ಚಯವಾದ ಮೇಲೆ ಶಿವಮೊಗ್ಗದಿಂದ ನಾವು ಹಲವು ಸಲ ಬಂದು ಹೋದೆವು. ಪ್ರತಿ ಸಲವೂ ಜೊತೆಗೆ ಅತ್ತೆ ಇದ್ದರು. ಮಂಡಿ ನೋವಿದ್ದರೂ ಮೊಮ್ಮಗಳ ಧಾರೆ ಸೀರೆ ತಾವೇ ಆರಿಸಬೇಕು ಅಂತ ಹಟ. ಅವರಿಗೋಸ್ಕರವೇ ದೊಡ್ಡ ಹೋಟೆಲ್ ಹಿಡಿದದ್ದು. ಎಂ.ಜಿ. ರೋಡಿನ ಒಬೆರಾಯ್, ವಿಠಲ್ ಮಲ್ಯ ರೋಡಿನ ಜೆ.ಡಬ್ಲ್ಯೂ. ಮ್ಯಾರಿಯಟ್, ರಾಜಾಜಿನಗರದ ಬ್ರಿಗೇಡ್ ಗೇಟ್‌ವೇ ಒಳಗಿನ ಶೆರಾಟನ್ ಗ್ರ್ಯಾಂಡ್. ಮೂರರಲ್ಲೂ ಉಳಿದು, ಅಲ್ಲಿಂದಲೇ ಅಂಗಡಿ ಸುತ್ತಿ ನೋಡಿದ್ದೇವೆ.

ಹಾಸಿಗೆ, ಬಾತ್‌ರೂಮು, ಬೆಳಗಿನ ತಿಂಡಿಯ ಬುಫೆ, ಇವುಗಳಲ್ಲಿ ಮೂರನ್ನೂ ತೂಗುವ ಅಗತ್ಯ ಕಾಣಲಿಲ್ಲ. ಈ ದರ್ಜೆಯಲ್ಲಿ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ನಾನು ನೋಡಿದ್ದು ಒಂದೇ: ಮಧ್ಯಾಹ್ನ ರೂಮಿಗೆ ವಾಪಸ್ ಬರಲು ಆಗುತ್ತದಾ? ಹತ್ತೂವರೆಗೆ ಹೊರಟು, ಒಂದೂವರೆಗೆ ಬಂದು ಬ್ಯಾಗ್ ಇಳಿಸಿ, ವಯಸ್ಸಾದವರು ಒಂದು ತಾಸು ಕಾಲು ಚಾಚಿ, ಮತ್ತೆ ನಾಲ್ಕೂವರೆಗೆ ಹೊರಡುವಂತಿರಬೇಕು. ಅಷ್ಟು ಆದರೆ ಕೊಟ್ಟ ದುಡ್ಡು ಸಾರ್ಥಕ. ಬೆಳಗ್ಗೆ ಹೋಗಿ ರಾತ್ರಿಯೇ ಬರುವುದಾದರೆ, ಬರೀ ಮಲಗಲು ಇಷ್ಟು ಖರ್ಚು ಯಾಕೆ? ಅಚ್ಚುಕಟ್ಟಾದ ಯಾವ ಲಾಡ್ಜ್ ಆದರೂ ಸಾಕು.

ಮೊದಲು ಒಬೆರಾಯ್. 1992ರಲ್ಲಿ ಶುರುವಾದದ್ದು, 160ರಷ್ಟು ರೂಮು, ಮೂರರಲ್ಲಿ ಚಿಕ್ಕದು. ಎಂ.ಜಿ. ರೋಡಿನ ಗದ್ದಲದಿಂದ ಒಳಗೆ ಕಾಲಿಟ್ಟರೆ ತೋಟ. ತೋಟದ ನಡುವೆ ನೂರು ವರ್ಷಕ್ಕೂ ಹಳೆಯ ಮಳೆಮರ. ಪ್ರತಿ ರೂಮಿಗೂ ಬಾಲ್ಕನಿ ಇದೆ. ಆ ಬಾಲ್ಕನಿಯಲ್ಲಿ ಕೂತರೆ ಮರದ ಕೊಂಬೆಗಳು ಎದುರಿಗೇ ಬರುತ್ತವೆ. ಅತ್ತೆಗೆ ಆ ಕುರ್ಚಿ ಬಿಟ್ಟು ಏಳಲು ಮನಸ್ಸಿರಲಿಲ್ಲ. "ಕಾಫಿ ಇಲ್ಲಿಗೇ ತರಿಸೇ, ಸಂಜೆ ಅಂಗಡಿಗೆ ನೀವೇ ಹೋಗಿ ಬನ್ನಿ" ಅಂದರು. ಮೂರು ಹೋಟೆಲ್‌ಗಳಲ್ಲಿ ವಿಶ್ರಾಂತಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಅಂಗಡಿ ವಿಷಯಕ್ಕೆ ಬಂದರೆ, ಟ್ರಿನಿಟಿ ಮೆಟ್ರೊ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಂದ ಒಂದೇ ಸ್ಟಾಪ್‌ಗೆ ಎಂ.ಜಿ. ರೋಡ್. ಇಳಿದರೆ ಬ್ರಿಗೇಡ್ ರೋಡ್ ಮೂಲೆಯ ಕಾವೇರಿ ಎಂಪೋರಿಯಂ ಇದೆ. ಬೀಗರಿಗೆ ಕೊಡುವ ಗಂಧದ ಸಾಮಾನು, ಬೀಟೆ ಮರದ ಕೆತ್ತನೆ ಎಲ್ಲ ಅಲ್ಲೇ ತೆಗೆದೆವು. ಚರ್ಚ್ ಸ್ಟ್ರೀಟ್ ಪುಸ್ತಕದ ಅಂಗಡಿಗಳು ಮಗಳ ಪಾಲು. ಕಮರ್ಷಿಯಲ್ ಸ್ಟ್ರೀಟ್‌ಗೆ ಆಟೊ ಹಿಡಿದರೆ ಎರಡು ಕಿಲೋಮೀಟರ್ ಆಸುಪಾಸು. ಮ್ಯಾಚಿಂಗ್ ಫಾಲ್ಸ್, ಲೇಸು, ಸರ, ಓಲೆ, ಮೆಹಂದಿ ದಿನಕ್ಕೆ ಹಾಕುವ ಲೆಹಂಗಾ, ಇವಕ್ಕೆ ಕಮರ್ಷಿಯಲ್ ಸ್ಟ್ರೀಟೇ ಸರಿ. ಈ ಕೆಲಸಗಳಿಗೆಲ್ಲ ಒಬೆರಾಯ್‌ನಿಂದ ಮಧ್ಯಾಹ್ನ ವಾಪಸ್ ಬರುವುದು ಸುಲಭ.

ಆದರೆ ಜವಳಿ ಅಂದರೆ ಚಿಕ್ಕಪೇಟೆ ಅಲ್ವಾ? ಟ್ರಿನಿಟಿಯಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಒಂದು ಸ್ಟಾಪ್ ಮುಂದೆ ಹೋಗಬೇಕು. ಖಾಲಿ ಕೈಯಲ್ಲಿ ಇದೇನೂ ಕಷ್ಟವಲ್ಲ. ಎರಡೂ ಕೈಯಲ್ಲಿ ಸೀರೆ ಚೀಲ, ಪಕ್ಕದಲ್ಲಿ ಮಂಡಿ ನೋವಿನ ಅತ್ತೆ, ಮೆಜೆಸ್ಟಿಕ್‌ನ ಎಸ್ಕಲೇಟರ್ ಬಳಿ ಸಂಜೆಯ ಜನ. ಆಗ ಆ ಒಂದು ಬದಲಾವಣೆಯೇ ದೊಡ್ಡದಾಗುತ್ತದೆ. ಕಾರಿನಲ್ಲಿ ಹೋದರೆ ಪೇಟೆಯ ಗಲ್ಲಿಗಳಲ್ಲಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಡ್ರೈವರ್ ದೂರ ಎಲ್ಲೋ ನಿಲ್ಲಿಸಿಕೊಂಡು ಫೋನ್ ಮಾಡುತ್ತಿರುತ್ತಾನೆ.

ಜೆ.ಡಬ್ಲ್ಯೂ. ಮ್ಯಾರಿಯಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಟೆಲ್ ದೊಡ್ಡದು, ಜಾಗವೂ ನಗರದ ನಟ್ಟನಡುವೆ. ಕಬ್ಬನ್ ಪಾರ್ಕ್ ಕಡೆಯ ರೂಮು ಕೇಳಿ ಪಡೆಯಿರಿ, ಕಿಟಕಿ ತುಂಬ ಹಸಿರು. ಬೆಳಗ್ಗೆ ಆರಕ್ಕೆ ಎದ್ದು ಪಾರ್ಕಿನ ಒಳಗೆ, ಬಿದಿರು ಮೆಳೆಗಳ ಪಕ್ಕದಿಂದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದವರೆಗೆ ನಡೆದು ಬಂದೆವು. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ, ಆ ದಿನ ಇನ್ನೂ ಚೆಂದ. ಹತ್ತಿರದಲ್ಲೇ ಯು.ಬಿ. ಸಿಟಿ. ಲೂಯಿ ವಿಟಾನ್‌ನಂಥ ವಿದೇಶಿ ಅಂಗಡಿಗಳು ಬೇಕಾದವರಿಗೆ ಇದಕ್ಕಿಂತ ಹತ್ತಿರದ ಹೋಟೆಲ್ ಬೇಡ. ನಮ್ಮ ಪಟ್ಟಿಯಲ್ಲಿ ಇದ್ದದ್ದು ಧಾರೆ ಸೀರೆ, ಮದುಮಗನ ಪಂಚೆ ಶಲ್ಯ, ಸೋದರತ್ತೆಯರಿಗೆ ಕೊಡುವ ಸೀರೆ. ಅವು ಯು.ಬಿ. ಸಿಟಿಯಲ್ಲಿ ಸಿಗುವಂಥವಲ್ಲ. ಮೆಟ್ರೊ ನಿಲ್ದಾಣ ಒಂದು ಕಿಲೋಮೀಟರ್‌ಗೂ ಹೆಚ್ಚು ದೂರ, ಅಂದರೆ ಪ್ರತಿ ಸಲ ಕ್ಯಾಬ್. ಗಂಡ ಹೆಂಡತಿ ಇಬ್ಬರೇ ಬಂದು ನಗರ ನೋಡುವುದಾದರೆ ನಾನು ಇದನ್ನೇ ಹೇಳುತ್ತೇನೆ. ಜವಳಿಗೆ ಬೇಡ.

ಇನ್ನು ರಾಜಾಜಿನಗರದ ಶೆರಾಟನ್. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಆದರೆ ತುಮಕೂರು ರಸ್ತೆ ಕಡೆಯಿಂದ ಬರುವವರಿಗೆ, ಅಂದರೆ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಯವರಿಗೆ, ಇದು ದಾರಿಯಲ್ಲೇ ಸಿಗುತ್ತದೆ. ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿದರೆ ಆಟೊದಲ್ಲಿ ಸ್ವಲ್ಪ ಹೊತ್ತು, ಅಷ್ಟೇ. ನಗರದ ಟ್ರಾಫಿಕ್ ಒಳಗೆ ನುಗ್ಗುವ ಕೆಲಸವೇ ಇಲ್ಲ. ಓರಿಯನ್ ಮಾಲ್ ಇದೇ ಆವರಣದಲ್ಲಿದೆ, ಮುಖ್ಯರಸ್ತೆಗೆ ಕಾಲಿಡದೆ ನಡೆದುಕೊಂಡು ಹೋಗಬಹುದು. ಅಳಿಯನ ಸೂಟು, ಶೂ, ಮಗಳ ಸೂಟ್‌ಕೇಸು, ಮೇಕಪ್ ಸಾಮಾನು ಎಲ್ಲ ಅಲ್ಲೇ ಮುಗಿಯಿತು. ರಾತ್ರಿ ಊಟ ಆದ ಮೇಲೆ ಮಾಲ್ ಪಕ್ಕದ ಕೆರೆ ದಂಡೆಯಲ್ಲಿ ಅತ್ತೆ ಕೂಡ ಒಂದಷ್ಟು ಹೆಜ್ಜೆ ಹಾಕಿದರು. ಇಸ್ಕಾನ್ ದೇವಸ್ಥಾನವೂ ಹತ್ತಿರದಲ್ಲೇ ಇದೆ.

ನಿಜವಾದ ಲಾಭ ಇರುವುದು ಮೆಟ್ರೊದಲ್ಲಿ. ಹತ್ತಿರದ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಸ್ವಲ್ಪ ದೂರ ಅನ್ನಿಸಿದರೆ ಆಟೊ ಹಿಡಿಯಿರಿ. ಅದು ಹಸಿರು ಮಾರ್ಗ. ಚಿಕ್ಕಪೇಟೆಯೂ ಅದೇ ಮಾರ್ಗದಲ್ಲಿದೆ. ಎಲ್ಲೂ ಬದಲಾಯಿಸಬೇಕಾಗಿಲ್ಲ, ಏಳನೇ ಸ್ಟಾಪ್‌ನಲ್ಲಿ ಇಳಿದರೆ ಪೇಟೆ. ಹತ್ತು ಗಂಟೆಯ ರಶ್ ಇಳಿದ ಮೇಲೆ ಹೊರಟರೆ ಕೂರಲು ಸೀಟೂ ಸಿಗುತ್ತದೆ.

ಚಿಕ್ಕಪೇಟೆಯಲ್ಲಿ ಹಳೆಯ ಸೀರೆ ಅಂಗಡಿಗಳಿಗೆ ಕಿರಿದಾದ ಮೆಟ್ಟಿಲು ಹತ್ತಬೇಕು. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಬಟ್ಟೆ ಹಾಸಿದ ಗಾದಿ ಮೇಲೆ ಕೂರಬೇಕು. ಅತ್ತೆಗೆ ಅವರೇ ಒಂದು ಸ್ಟೂಲ್ ತಂದು ಹಾಕಿದರು. ಅಂಗಡಿಯವರು ಒಂದರ ಮೇಲೊಂದು ಸೀರೆ ಬಿಚ್ಚಿ ಹರಡುತ್ತಾ ಹೋದರು. ಅತ್ತೆ ಸೆರಗು ತಿರುಗಿಸಿ ಹಿಂಬದಿಯ ಜರಿ ನೋಡುತ್ತಾರೆ, ಉಗುರಿನಿಂದ ಒಂದು ಎಳೆ ಸವರುತ್ತಾರೆ, ಆಮೇಲೆ "ಇದು ಬೇಡ, ಮುಂದಿನದು ತೆಗಿಯಪ್ಪ" ಅನ್ನುತ್ತಾರೆ. ಅರಿಶಿನ ಬಣ್ಣಕ್ಕೆ ಕೆಂಪು ಅಂಚಿನ ಧಾರೆ ಸೀರೆ ಸಿಕ್ಕಾಗ ಊಟದ ಹೊತ್ತು ಮೀರಿತ್ತು. ಅದೇ ಮಧ್ಯಾಹ್ನ ಚೀಲಗಳ ಸಮೇತ ಮೆಟ್ರೊ ಹತ್ತಿ ರೂಮಿಗೆ ಬಂದೆವು. ಅತ್ತೆ ಮಲಗಿದರು. ಸಂಜೆ ನಾನೂ ಮಗಳೂ ಮತ್ತೆ ಹೋಗಿ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ನೋಡಿಕೊಂಡು, ಬಳೇಪೇಟೆಯಲ್ಲಿ ಬಳೆ ತೆಗೆದುಕೊಂಡು ಬಂದೆವು. ಇಂಥ ದಿನ ಒಬೆರಾಯ್‌ನಿಂದ ನಮಗೆ ಆಗಿರಲಿಲ್ಲ. ಮಲ್ಲೇಶ್ವರ ಎಂಟನೇ ಕ್ರಾಸ್ ಕೂಡ ಇಲ್ಲಿಂದ ದೂರವಲ್ಲ. ಅರಿಶಿನ ಕುಂಕುಮ, ಮಣೆ, ಹೂವು, ಗ್ರಂದಿಗೆ ಸಾಮಾನು ಅಲ್ಲೇ ಆಯಿತು. ಒಂದು ಎಚ್ಚರಿಕೆ: ಚಿಕ್ಕಪೇಟೆಯ ಬಹಳಷ್ಟು ಸಗಟು ಅಂಗಡಿಗಳು ಭಾನುವಾರ ಬಾಗಿಲು ತೆರೆಯುವುದಿಲ್ಲ. ಶುಕ್ರವಾರ, ಶನಿವಾರ ಪೇಟೆಗೆ ಇಟ್ಟುಕೊಂಡು ಭಾನುವಾರ ಮಾಲ್‌ಗೆ ಇಟ್ಟುಕೊಳ್ಳಿ.

ದುಡ್ಡಿನ ಮಾತು. ರೇಟು ದಿನದಿನಕ್ಕೂ ಬದಲಾಗುತ್ತದೆ. ಬೆಂಗಳೂರಿನ ದೊಡ್ಡ ಹೋಟೆಲ್‌ಗಳಿಗೆ ಕಂಪನಿ ಕೆಲಸಕ್ಕೆ ಬರುವವರೇ ಜಾಸ್ತಿ, ಹಾಗಾಗಿ ಸಾಮಾನ್ಯವಾಗಿ ಶನಿವಾರ ಭಾನುವಾರ ಕಡಿಮೆ, ವಾರದ ನಡುವೆ ದುಬಾರಿ. ಬುಕ್ ಮಾಡುವಾಗ ಕಾಣುವ ದರದ ಮೇಲೆ ತೆರಿಗೆ ಬೇರೆ. ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ 18% ಜಿ.ಎಸ್.ಟಿ. ಅಂದರೆ 10,000ದ ರೂಮು ಕೈಗೆ ಬರುವಾಗ 11,800. ಎರಡು ರೂಮು ಹಿಡಿಯುವ ಕುಟುಂಬಕ್ಕೆ ಈ ವ್ಯತ್ಯಾಸದಲ್ಲೇ ಒಂದು ಒಳ್ಳೆ ಸೀರೆ ಬರುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಇದು ಈ ಮೂರರಲ್ಲಿ ನಡೆದದ್ದಲ್ಲ, ಬೇರೊಂದು ಹೋಟೆಲ್, ಹೆಸರು ಬೇಡ. ಚೆಕ್-ಇನ್ ಆಗುವಾಗ ಮುಂಗಡ ಅಂತ ನಮ್ಮ ಡೆಬಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಟ್ಟರು. ನಾವು ಊರಿಗೆ ಬಂದು ಎಷ್ಟೋ ದಿನಕ್ಕೆ ಆ ದುಡ್ಡು ಖಾತೆಗೆ ವಾಪಸ್ ಬಂತು. ಜವಳಿಗೆ ಅಂತ ಇಟ್ಟ ದುಡ್ಡು ಹೀಗೆ ಸಿಕ್ಕಿಹಾಕಿಕೊಂಡರೆ ಹೊಟ್ಟೆ ಉರಿಯುತ್ತದೆ. ಎಲ್ಲೇ ಉಳಿಯಿರಿ, ಎಷ್ಟು ಹಿಡಿಯುತ್ತೀರಿ, ಯಾವಾಗ ಬಿಡುತ್ತೀರಿ ಅಂತ ಕೌಂಟರಿನಲ್ಲೇ ಕೇಳಿ. ಡೆಬಿಟ್ ಕಾರ್ಡ್ ಬದಲು ಕ್ರೆಡಿಟ್ ಕಾರ್ಡ್ ಕೊಡಿ.

ನನ್ನ ಆಯ್ಕೆ ರಾಜಾಜಿನಗರ. ಜವಳಿ, ಪತ್ರಿಕೆ, ಮದುವೆ ಸಾಮಾನು ಇವು ಮೂರೂ ಒಂದೇ ಸಲ ಆಗಬೇಕಾದರೆ ಅಲ್ಲಿಯೇ. ಕೈಯಲ್ಲಿ ಇನ್ನೊಂದು ದಿನ ಇದ್ದು ಮನೆಯ ಹಿರಿಯರಿಗೆ ಒಂದಿಷ್ಟು ನೆಮ್ಮದಿ ಕೊಡಬೇಕು ಅನ್ನಿಸಿದರೆ ಕೊನೆಯ ರಾತ್ರಿ ಒಬೆರಾಯ್‌ಗೆ ಹೋಗಿ, ತೋಟದ ಕಡೆಯ ರೂಮು ಕೇಳಿ. ನಮ್ಮ ಅಕ್ಕನ ಮನೆಯಲ್ಲೂ ಮದುವೆ ಬರುತ್ತಿದೆ, ಅವಳಿಗೂ ಇದನ್ನೇ ಹೇಳಿದ್ದೇನೆ. ಜೊತೆಗೆ ಇನ್ನೊಂದು ಮಾತು: ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುತ್ತದೆ. ಆ ವಾರ ಊರಿನ ದೊಡ್ಡ ಹೋಟೆಲ್‌ಗಳ ರೇಟು ಮೇಲೇರುತ್ತದೆ. ಜವಳಿಗೆ ದಿನ ನೋಡುವಾಗ ಪಂಚಾಂಗದ ಜೊತೆ ಅದನ್ನೂ ನೋಡಿಕೊಳ್ಳಿ.