ವಂಶಾವಳಿ ಸೈಟ್ ಮೂರು ವರ್ಷ ಬಳಸಿದ ಮೇಲೆ: ‘ಹೋಲುವ ಸ್ಪೆಲ್ಲಿಂಗ್’ ಟಿಕ್ ಹಾಕಿದ್ರೆ ಸಾಕಾಗಲ್ಲ

ಮೂರು ವರ್ಷದಿಂದ ಈ ವಂಶಾವಳಿ ಹುಡುಕೋ ಸೈಟಿಗೆ ದುಡ್ಡು ಕಟ್ತಾ ಇದೀನಿ, ಹೆಸರು ಹೇಳಲ್ಲ, ಯಾಕಂದ್ರೆ ಕೊನೇಲಿ ಸ್ವಲ್ಪ ಬೈಯೋದಿದೆ. ಸೇರಿದ್ದು ಒಂದೇ ಕೆಲಸಕ್ಕೆ, ಮುತ್ತಜ್ಜನ ಅಣ್ಣ ಹಡಗು ಹತ್ತಿ ಹೋದವನು ಏನಾದ ಅಂತ. ಮನೇಲಿ ಇರೋದೇ ಎರಡು ಕಾಗದ, ಅದ್ರಲ್ಲೂ ಅವನ ಸರ್‌ನೇಮ್ ಒಂದ್ರಲ್ಲಿ ಕೆ ಇಂದ ಶುರು, ಇನ್ನೊಂದ್ರಲ್ಲಿ ಸಿ ಇಂದ. ಬಾಯಲ್ಲಿ ಹೇಳಿದ್ರೆ ಎರಡೂ ಒಂದೇ, ಅದೇನ್ ಮಹಾ ಅಂತ ಬಿಟ್ಟಿದ್ದೆ.

‘ಹೋಲುವ ಸ್ಪೆಲ್ಲಿಂಗ್’ ಅನ್ನೋ ಬಾಕ್ಸಿಗೆ ಟಿಕ್ ಹಾಕಿ ಎಂಟು ತಿಂಗಳು ಹುಡುಕಿದೆ, ಏನೂ ಇಲ್ಲ. ಆಮೇಲೆ ಗೊತ್ತಾಯ್ತು, ಅದರ ಹಿಂದೆ ಕೆಲಸ ಮಾಡೋದು ಸೌಂಡೆಕ್ಸ್, ಹೆಸರನ್ನ ಉಚ್ಚಾರಣೆ ನೋಡಿ ಕೋಡ್ ಮಾಡೋ, 1918ರಲ್ಲಿ ಪೇಟೆಂಟ್ ಆದ ಪದ್ಧತಿ. ಮೊದಲ ಅಕ್ಷರ ಹಾಗೇ ಇಟ್ಕೊಂಡು, ಸ್ವರಗಳನ್ನ ಬಿಟ್ಟು, ಉಳಿದಿದ್ದಕ್ಕೆ 3 ಅಂಕಿ ಕೊಡುತ್ತೆ. ಮೂರ್ತಿ ಅನ್ನೋದನ್ನ ಇಂಗ್ಲಿಷಲ್ಲಿ ಒಂದು ಯು ಹಾಕಿ ಬರೀರಿ, ಎರಡು ಓ ಹಾಕಿ ಬರೀರಿ, ಟಿ ಪಕ್ಕ ಎಚ್ ಇರ್ಲಿ ಬಿಡ್ಲಿ, ಎಲ್ಲಾ ಎಂ630ಕ್ಕೇ ಬಂದು ನಿಲ್ಲುತ್ತೆ. ಅಲ್ಲಿಗೆ ಸೂಪರ್. ಆದ್ರೆ ಕ್ರೇಮರ್ ಅಂತ ಕೆ ಹಾಕಿದ್ರೆ ಕೆ656, ಸಿ ಹಾಕಿದ್ರೆ ಸಿ656, ಒಂದು ಹುಡುಕಿದ್ರೆ ಇನ್ನೊಂದು ಬರಲ್ಲ (ಕನ್ನಡದಲ್ಲಿ ಬರೆದ್ರೆ ಈ ತಾಪತ್ರಯನೇ ಇಲ್ಲ ನೋಡಿ). 1985ರಲ್ಲಿ ಬಂದ ಡೈಚ್-ಮೊಕೊಟಾಫ್ ಪದ್ಧತಿ ಮೊದಲ ಅಕ್ಷರಕ್ಕೂ ಅಂಕಿ ಕೊಡುತ್ತೆ, ಇವರು ಅದನ್ನ ಹಾಕೇ ಇಲ್ಲ.

ಸರಿ ಅಂತ ಸಿ ಹಾಕಿ ಹುಡುಕಿದೆ, ಅನುಮಾನ ಇರೋ ಅಕ್ಷರಗಳ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ, ಸ್ಟಾರ್ ಎಲ್ಲಾ ಹಾಕಿದೆ, ಆಗ್ಲೂ ಇಲ್ಲ. ಕೊನೆಗೆ ಬೇಜಾರಾಗಿ ಸರ್‌ನೇಮ್ ಜಾಗನೇ ಖಾಲಿ ಬಿಟ್ಟು ಅವನ ಹೆಸರು, ಹೆಂಡತಿ ಹೆಸರು, ಹುಟ್ಟಿದ ವರ್ಷಕ್ಕೆ ಎರಡು ವರ್ಷ ಹಿಂದೆ ಮುಂದೆ ಕೊಟ್ಟೆ, ಸಿಕ್ಕಿಬಿಟ್ಟ! ಎಚ್ ಅಲ್ಲಿ ಕೂತಿದ್ದ ಮಹರಾಯ. ಕೈಬರಹದ ಹಳೇ ದಾಖಲೆಯ ಸ್ಕ್ಯಾನ್ ತೆಗೆದು ಜೂಮ್ ಮಾಡಿದ್ರೆ ಗುಮಾಸ್ತ ಕೆ ಬರೆಯುವಾಗ ಕೆಳಗಿನ ಕಾಲನ್ನ ನೇರ ಇಳಿಸಿದಾನೆ, ಸೈಟಿಗೆ ಅಂತ ಟೈಪ್ ಮಾಡಿದವರು ಅದನ್ನ ಎಚ್ ಅಂತ ಓದಿದಾರೆ. ನನ್ನ ಆಸೆಗೆ ಕೆ ಥರ ಕಾಣ್ತಿರಬಹುದು ಅಂತ ಅದೇ ಪುಟದ ಬೇರೆ ಹೆಸರುಗಳನ್ನೂ ನೋಡಿದೆ, ಅವನ ಕೆ ಎಲ್ಲಾ ಹಾಗೇ. ಎರಡು ಸಾಲು ಕೆಳಗೆ ಭಾವಮೈದುನನೂ ಇದ್ದ, ಆಗ ನಂಬಿಕೆ ಬಂತು. ಇಂಥದ್ದನ್ನ ಯಾವ ಸೌಂಡೆಕ್ಸೂ ಹಿಡಿಯಲ್ಲ, ಅದು ನೋಡೋದು ಉಚ್ಚಾರಣೆ, ಇದು ಕಣ್ಣಿನ ತಪ್ಪು. ತಿದ್ದುಪಡಿ ಕಳಿಸಿದೆ, ಈಗ ಹಳೇ ಹೆಸರಿನ ಪಕ್ಕ ನಂದೂ ಕಾಣುತ್ತೆ, ಇದಕ್ಕೆ ಫುಲ್ ಮಾರ್ಕ್ಸ್.

ಬೈಗುಳ ಏನಂದ್ರೆ, ಬೇರೆ ಬಳಕೆದಾರರ ವಂಶವೃಕ್ಷ ತೋರಿಸಿ ‘ಇವರೇ ಇರಬಹುದು’ ಅಂತ ದಿನಾ ಮೇಲ್ ಬರುತ್ತೆ, ಅದೇ ಹೆಸರಿನ ಇನ್ಯಾರನ್ನೋ ಒಬ್ಬರು ಹಾಕಿದ್ದನ್ನ ಉಳಿದವರು ಕಾಪಿ ಹೊಡೆದಿದಾರೆ ಅಷ್ಟೇ, ದಾಖಲೆ ಒಂದೂ ಇಲ್ಲ. ಆಟೋ ರಿನ್ಯೂವಲ್ ಆಫ್ ಮಾಡೋ ಬಟನ್ ಹುಡುಕೋದಂತೂ ಮುತ್ತಜ್ಜನ ಅಣ್ಣನ್ನ ಹುಡುಕಿದ್ದಕ್ಕಿಂತ ಕಷ್ಟ.

5ಕ್ಕೆ 3. ಅವನ ಮಕ್ಕಳು ಕೆ ಇಟ್ಕೊಂಡ್ರೋ ಸಿ ಇಟ್ಕೊಂಡ್ರೋ ಇನ್ನೂ ಸಿಕ್ಕಿಲ್ಲ, ಹಾಗಾಗಿ ಇನ್ನೊಂದು ವರ್ಷಕ್ಕೆ ಕಟ್ಟಿದೀನಿ.