ಎಂಟು ಅಡಿಯ ಹಳೆಯ ಫೋಲ್ಡಿಂಗ್ ಮೆಷಿನ್: ಹೇಳಿದ್ದು 16 ಗೇಜ್, ಮಡಿಸಿದ್ದು 18

ಚಿಕ್ಕಮಗಳೂರಿನಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ತೋಟದ ಮನೆಗಳ ಸೂರಿಗೆ ಮಳೆನೀರಿನ ದೋಣಿ, ಶೀಟಿನ ಮಾಡಿಗೆ ಮುಚ್ಚಿಗೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳಿಗೆ ತಗಡಿನ ಕವಚ, ಹೆಚ್ಚಿನ ಕೆಲಸ ಇಂಥದ್ದೇ. ಮಳೆಗಾಲಕ್ಕೆ ಮೊದಲು ತಗಡು ಮಡಿಸಲು ಕೈಯಿಂದ ನಡೆಸುವ ಎಂಟು ಅಡಿಯ ಫೋಲ್ಡಿಂಗ್ ಮೆಷಿನ್ ಬೇಕಾಗಿತ್ತು. ಹೊಸದಕ್ಕೆ ಹಣ ಸಾಲದೆ, ಹಾಸನದಲ್ಲಿ ಹಳೆಯ ಯಂತ್ರಗಳನ್ನು ಮಾರುವ ವ್ಯಾಪಾರಿಯೊಬ್ಬರ ಬಳಿಗೆ ಬೇಲೂರು ಮಾರ್ಗವಾಗಿ ಹೋದೆ.

“ಎಂಟು ಅಡಿ, 16 ಗೇಜ್, ಕಣ್ಣು ಮುಚ್ಚಿ ತಗೊಳ್ಳಿ ಸಾರ್” ಎಂದು ಅವರು ಫೋನಿನಲ್ಲಿಯೇ ಹೇಳಿದ್ದರು. (ಗೇಜ್ ಎಂದರೆ ತಗಡಿನ ದಪ್ಪದ ಅಂಕೆ; ಅಂಕೆ ಇಳಿದಷ್ಟೂ ತಗಡು ದಪ್ಪ.) ಯಂತ್ರದ ಮೇಲೆ ನೇಮ್‌ಪ್ಲೇಟ್ ಇರಲಿಲ್ಲ; ರಿವೆಟ್‌ನ ತೂತುಗಳು ಮಾತ್ರ ಉಳಿದಿದ್ದವು, ಹೊಸದಾಗಿ ಬಳಿದ ಹಸಿರು ಬಣ್ಣ ಅವನ್ನೂ ಅರ್ಧ ಮುಚ್ಚಿತ್ತು. ಎರಡು ಅಡಿಯ 16 ಗೇಜ್ ತುಂಡೊಂದನ್ನು ಎಡತುದಿಯ ಹಿಂಜಿನ ಪಕ್ಕದಲ್ಲಿಟ್ಟು ಮಡಿಸಿ ತೋರಿಸಿದರು. ಮೂಲೆಮಟ್ಟ ಹಿಡಿದರೆ ಕೂದಲೆಳೆಯಷ್ಟೂ ಬೆಳಕು ಕಾಣಲಿಲ್ಲ. ಆದರೆ ತಗಡನ್ನು ಎತ್ತಿ ಮಡಿಸುವ ಉದ್ದನೆಯ ಹಲಗೆಯಾದ ಏಪ್ರನ್‌ಗೆ ಹಿಂಜಿನ ಆಸರೆ ಇರುವುದು ಎರಡು ತುದಿಗಳಲ್ಲಿ ಮಾತ್ರ. ಅದು ಸೋಲುವುದು ನಡುವೆ. ಹೀಗಿರುವಾಗ ತುದಿಯಲ್ಲಿ ಮಡಿಸಿದ ತುಂಡಿನಿಂದ ಯಂತ್ರದ ಸಾಮರ್ಥ್ಯ ತಿಳಿಯುವುದಿಲ್ಲ. ಇಂಥ ಯಂತ್ರಕ್ಕೆ ಹೇಳುವ ಗೇಜ್ ಸಾಮಾನ್ಯವಾಗಿ ಪೂರ್ಣ ಉದ್ದದ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ತಗಡಿನ ಲೆಕ್ಕದ್ದು.

ಇದನ್ನು ಊಹಿಸಿಯೇ ನಾನು ಆರು ಇಂಚು ಅಗಲದ, ಎಂಟು ಅಡಿ ಉದ್ದದ ಪಟ್ಟಿಗಳನ್ನು ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯವರ ಬಾಯಿಮಾತಿನ ಗೇಜನ್ನು ನಂಬದೆ ಮೈಕ್ರೋಮೀಟರ್‌ನಲ್ಲಿ ಅಳೆದಿದ್ದೆ: 18 ಗೇಜಿನದು 1.2 ಮಿ.ಮೀ., 16 ಗೇಜಿನದು 1.6 ಮಿ.ಮೀ. ಮೊದಲನೆಯದು ಎರಡು ತುದಿಗಳಲ್ಲೂ ನಡುವೆಯೂ ಸರಿಯಾಗಿ 90 ಡಿಗ್ರಿಗೆ ಮಡಿಯಿತು. ಎರಡನೆಯದರಲ್ಲಿ ತುದಿಗಳು 90 ಆದಾಗ ನಡುವೆ 94 ಡಿಗ್ರಿ. ನಡುವಿನದನ್ನು ಸರಿಮಾಡಲು ಹಿಡಿಕೆಯನ್ನು ಇನ್ನೂ ಎತ್ತಿದರೆ ತುದಿಗಳು ಅತಿಯಾಗಿ ಮಡಿದವು. ಮಡಿಸಲು ಬೇಕಾದ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 1.2ರಿಂದ 1.6ಕ್ಕೆ ಹೋದಾಗ ಯಂತ್ರದ ಮೇಲಿನ ಭಾರ ಸುಮಾರು 1.8 ಪಟ್ಟಾಗುತ್ತದೆ. ಕಿವಿಗೆ ಎರಡೇ ಗೇಜ್, ಯಂತ್ರಕ್ಕೆ ಹೆಚ್ಚುಕಡಿಮೆ ಇಮ್ಮಡಿ.

ಯಂತ್ರಕ್ಕೆ ಅನ್ಯಾಯವಾಗಬಾರದೆಂದು, ತಗಡನ್ನು ಒತ್ತಿ ಹಿಡಿಯುವ ಮೇಲಿನ ಬೀಮಿನ ಸೆಟ್ಟಿಂಗನ್ನೂ ಪರೀಕ್ಷಿಸಿದೆ. ಅದರ ಮೂತಿಯನ್ನು, ಅಂದರೆ ಮುಂದಿನ ಅಂಚನ್ನು, ಮಡಿಕೆಯ ಗೆರೆಗೆ ಬಹುತೇಕ ಒತ್ತಿಯೇ ಇಟ್ಟಿದ್ದರು. ದಪ್ಪ ತಗಡಿಗೆ ಅದನ್ನು ತಗಡಿನ ದಪ್ಪದ ಎರಡು ಪಟ್ಟಿನವರೆಗೆ ಹಿಂದಕ್ಕೆ ಸರಿಸಬೇಕಾಗುತ್ತದೆ. 3 ಮಿ.ಮೀ. ಸರಿಸಿ ಇನ್ನೊಂದು ಪಟ್ಟಿ ಮಡಿಸಿದಾಗ ನಡುವಿನ ಕೋನ 92ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಬರಲಿಲ್ಲ. ಏಪ್ರನ್‌ನ ನಡುಭಾಗವನ್ನು ಎಳೆದು ನೇರಗೊಳಿಸುವ ಟೆನ್ಷನ್ ರಾಡು ಸಡಿಲವಾಗಿರಬಹುದೆಂದು ಬಗ್ಗಿ ನೋಡಿದೆ. ನಟ್ಟು ಆಗಲೇ ರಾಡಿನ ತಿರುಪಿನ ಕೊನೆ ಮುಟ್ಟಿತ್ತು. ಅಂಗಡಿಯ ಹುಡುಗ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ನೇತಾಡಿದರೂ ಕದಲಲಿಲ್ಲ. ಹಿಂದಿನ ಯಜಮಾನರು ಇದರಿಂದ ಮಿತಿಮೀರಿದ ದಪ್ಪವನ್ನು ಬಹಳ ಕಾಲ ಮಡಿಸಿದ್ದಾರೆ ಎಂಬ ನನ್ನ ಗುಮಾನಿ ಅಲ್ಲಿಗೆ ಗಟ್ಟಿಯಾಯಿತು.

ಹಿಂಜುಗಳಲ್ಲಿ ಅಲುಗಾಟವಿರಲಿಲ್ಲ. ಕ್ಲ್ಯಾಂಪು ಬಿಗಿದ ಮೇಲೆ ನಡುವೆ ಸಿಕ್ಕಿಸಿದ ಕಾಗದದ ಚೂರುಗಳು ಎಳೆದರೆ ಹರಿದವೇ ಹೊರತು ಜಾರಿ ಬರಲಿಲ್ಲ. ಮೂತಿಯ ಬಲಗಡೆ ಎರಡು ಕಡೆ ದುಂಡನೆಯ ತಗ್ಗುಗಳಿದ್ದವು: ಯಾರೋ ಪುಣ್ಯಾತ್ಮರು ಇದರಲ್ಲಿ ಕಬ್ಬಿಣದ ಕಂಬಿ ಮಡಿಸಿದ್ದಾರೆ.

ವ್ಯಾಪಾರಿಯ ಬಗ್ಗೆ ಹೇಳುವುದಾದರೆ, ಮೂರು ಗಂಟೆ ಪರೀಕ್ಷಿಸಲು ಬಿಟ್ಟ ತಾಳ್ಮೆ ಮೆಚ್ಚುವಂಥದ್ದು. ತುದಿಯಲ್ಲಿ ಮಡಿಸಿ ತೋರಿಸಿದ ಜಾಣತನ ಮೆಚ್ಚುವಂಥದ್ದಲ್ಲ. 94 ಡಿಗ್ರಿಯ ಪಟ್ಟಿಯನ್ನು ಮೇಜಿನ ಮೇಲಿಟ್ಟು ಮಾತನಾಡಿದ ಮೇಲೆ 18 ಗೇಜ್ ಯಂತ್ರದ ಬೆಲೆಗೆ ಒಪ್ಪಿದರು, ಲಾರಿಗೆ ಏರಿಸುವ ಖರ್ಚನ್ನೂ ಅವರೇ ಕೊಟ್ಟರು. ದೋಣಿ, ಮುಚ್ಚಿಗೆಗಳ ತೆಳು ತಗಡಿಗೆ ಇದು ಧಾರಾಳವಾಗಿ ಸಾಕು. 304 ಸ್ಟೇನ್‌ಲೆಸ್ ಉಕ್ಕು ಸರಿಸುಮಾರು ಒಂದೂವರೆ ಪಟ್ಟು ಬಲ ಬೇಡುವುದರಿಂದ ಪೂರ್ಣ ಉದ್ದದಲ್ಲಿ 20 ಗೇಜ್ ದಾಟಿಸುವುದಿಲ್ಲ. ನೇಮ್‌ಪ್ಲೇಟ್ ಇದ್ದ ಜಾಗದಲ್ಲಿ ಹುಡುಗರಿಗೆ ಕಾಣುವಂತೆ ಬಿಳಿ ಬಣ್ಣದಲ್ಲಿ “8 ಅಡಿಗೆ 1.2, 4 ಅಡಿಗೆ 1.6, ಎಸ್.ಎಸ್. 0.9, ಕಂಬಿ ಇಲ್ಲ” ಎಂದು ಬರೆಸಿದ್ದೇನೆ.