ಬೀದರ್ ವೆಟರ್ನರಿ ಕಾಲೇಜ್ ಆಸ್ಪತ್ರೆ ಮತ್ತು ನಮ್ಮ ರಾಜಾನ ಉಣ್ಣಿ ಜ್ವರ

ನಮ್ಮ ರಾಜಾ ನಾಲ್ಕು ವರ್ಷದ ನಾಟಿ ನಾಯಿ. ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ ಅಂದ್ರೆ ಜೀವ. ಹೋದ ಬೇಸಿಗೆಯಲ್ಲಿ ಎರಡು ದಿನ ಅದನ್ನೂ ಮೂಸಲಿಲ್ಲ. ಬಿಸಿಲಿಗೆ ಬಳಲಿದೆ ಅಂದುಕೊಂಡು ಸುಮ್ನೆ ಇದ್ದೆ. ಓಣಿಯವರೊಬ್ಬರು ಅರ್ಧ ಪ್ಯಾರಾಸಿಟಮಾಲ್ ಹಾಕು ಅಂದರು, ಅದನ್ನೂ ಹಾಕಿಬಿಟ್ಟೆ. ಮೂರನೇ ದಿನ ಮೂಗಿನಿಂದ ರಕ್ತ ಬಂತು. ಆಟೋ ಹಿಡಿದು ನೇರ ನಂದಿನಗರಕ್ಕೆ ಹೋದೆವು. ಅಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜ್ ಆಸ್ಪತ್ರೆ ಇದೆ.

ಜ್ವರ 104 ಇತ್ತು. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಸಹಜವಂತೆ, ನಮಗಿಂತ ಜಾಸ್ತಿ. ಡಾಕ್ಟರ್ ಮೇಡಂ ತುಟಿ ಎತ್ತಿ ತೋರಿಸಿದರು. "ಇಲ್ಲಿ ನೋಡ್ರಿ, ಒಸಡು ಗುಲಾಬಿ ಬಣ್ಣ ಇರಬೇಕು, ಹೆಂಗ ಬೆಳ್ಳಗಾಗ್ಯಾವ." ಆಮೇಲೆ ಕಾಲ್ಬೆರಳು ಅಗಲಿಸಿದರು. ಔಡಲ ಬೀಜದಂತೆ ಉಬ್ಬಿದ ಉಣ್ಣಿಗಳು, ಒಂದೇ ಕಾಲಲ್ಲಿ ನಾಲ್ಕು! ದಿನಾ ಬೆನ್ನು ಬಾಚುತ್ತಿದ್ದೆ, ಬೆರಳ ಸಂದಿ ಒಮ್ಮೆಯೂ ನೋಡಿರಲಿಲ್ಲ. ಕಿವಿಯ ಒಳಗೂ ನೋಡಬೇಕು, ಅಲ್ಲಿಯೂ ಅಡಗಿ ಕೂತಿರುತ್ತವೆ.

ನನಗೆ ಹಿಡಿಸಿದ್ದು ಇದು: ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿಬಿಡಲಿಲ್ಲ. ರಕ್ತ ತೆಗೆದು ಪರೀಕ್ಷೆ ಮಾಡಿಸಿದರು, ಪ್ಲೇಟ್‌ಲೆಟ್ ಬಹಳ ಇಳಿದಿತ್ತು, ಎರ್ಲಿಕಿಯಾ ಅಂದರು, ಅಂದರೆ ಉಣ್ಣಿ ಕಚ್ಚಿದಾಗ ರಕ್ತಕ್ಕೆ ಸೇರುವ ರೋಗಾಣು. ಮನೆಯಲ್ಲಿ ಏನೇನು ಕೊಟ್ಟಿದ್ದೀರಿ ಅಂತ ಕೇಳಿದರು. ಮುಚ್ಚಿಡದೆ ಹೇಳಿದೆ. ಬೈಯಲಿಲ್ಲ, ಮನುಷ್ಯರ ಜ್ವರದ ಮಾತ್ರೆಯಿಂದ ನಾಯಿಯ ಲಿವರ್ ಹಾಳಾಗಬಹುದು, ಐಬುಪ್ರೊಫೆನ್ ಅಂತೂ ಕಿಡ್ನಿಗೇ ಕುತ್ತು ಅಂತ ಬಿಡಿಸಿ ಹೇಳಿದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಾಕ್ಸಿಸೈಕ್ಲಿನ್ 28 ದಿನ, ಊಟದ ಜೊತೆ. ಐದನೇ ದಿನಕ್ಕೇ ರಾಜಾ ಗೇಟಿಗೆ ಓಡಿ ಬಂದ. ಬಹಳ ಜನ ಇಲ್ಲಿಗೇ ಮಾತ್ರೆ ನಿಲ್ಲಿಸುತ್ತಾರೆ. ಹಾಗೆ ಮಾಡಬೇಡಿ, ರೋಗ ಒಳಗೇ ಉಳಿದು ಮತ್ತೆ ತಿರುಗಿ ಬರಬಹುದು. ನಾವು ಪೂರ್ತಿ ಕೊಟ್ಟು ಮತ್ತೆ ರಕ್ತ ತೋರಿಸಿದೆವು, ಪ್ಲೇಟ್‌ಲೆಟ್ ಸರಿಯಾಗಿತ್ತು.

ಇನ್ನೊಂದು ಮಾತು ಹೇಳಿದ್ದರು, ನಾಯಿಗಷ್ಟೇ ಔಷಧ ಹಾಕಿದರೆ ಸಾಲದು. ರಕ್ತ ಕುಡಿದ ಹೆಣ್ಣು ಉಣ್ಣಿ ಕೆಳಗೆ ಬಿದ್ದು ಸಂದುಗೊಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮ ಅಂಗಳಕ್ಕೆ ಶಹಾಬಾದಿ ಕಲ್ಲು ಹಾಸಿದೆ, ಸಂದುಗಳೆಲ್ಲ ಬಾಯಿ ಬಿಟ್ಟಿದ್ದವು. ಟಾರ್ಚ್ ಬಿಟ್ಟು ನೋಡಿದರೆ ಸಾಸಿವೆಯಷ್ಟು ಸಣ್ಣ ಮರಿಗಳು ಹರಿದಾಡುತ್ತಿದ್ದವು. ಅವರು ಬರೆದುಕೊಟ್ಟ ಔಷಧ ಸಿಂಪಡಿಸಿ, ಸಿಮೆಂಟ್ ತುಂಬಿಸಿದೆವು. ನಾಯಿಯ ಮೈಗೆ ಸೀಮೆಎಣ್ಣೆ ಮಾತ್ರ ಬಳಿಯಬೇಡಿ, ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ.

ಹೋಗುವಾಗ ಲಸಿಕೆ ಕಾರ್ಡ್ ಜೊತೆಗಿರಲಿ, ರೇಬಿಸ್ ಲಸಿಕೆಯ ತಾರೀಖು ಕೇಳುತ್ತಾರೆ. ಎಮ್ಮೆ, ಆಡು ಎಲ್ಲವೂ ಬಂದಿರುತ್ತವೆ, ಬೆಲ್ಟ್ ಗಟ್ಟಿಯಾಗಿ ಹಿಡಿದುಕೊಳ್ಳಿ.